ಊರಮ್ಮನ ಬಾಗಿಲ ಬಣ್ಣ

ಆ ಬೆಳಿಗ್ಗೆ ಮಾಡದಕೆರೆಯ ಮೇಲೆ ಮಂಜು ಕೂತಿತ್ತು; ಗುಡ್ಡದ ಗಾಳಿಯಂತ್ರಗಳಿಗೆ ರೆಕ್ಕೆಯಷ್ಟೇ ಇದ್ದು ಕಂಬಗಳೇ ಇರಲಿಲ್ಲ. ಅಂಥ ಚಳಿಯಲ್ಲೂ ಚಂದ್ರಕ್ಕನ ಮನೆಯಲ್ಲಿ ಹಾಲಿಲ್ಲದ ಟೀ. ಎಮ್ಮೆ ಈದಿತ್ತು, ಕೆಚ್ಚಲು ತುಂಬಿತ್ತು. ಆದರೆ ಕರು ಸುಖವಾಗಿ ಹುಟ್ಟಿದರೆ ಗುಡಿಯ ಬಾಗಿಲಿಗೆ ತೊಂಡೆಹಣ್ಣಿನ ಬಣ್ಣ ಬಳಿಯುತ್ತೇನೆಂದು ಊರಮ್ಮನಿಗೆ ಹರಕೆ ಹೊತ್ತಿದ್ದಳು. ಅದು ತೀರುವವರೆಗೆ ಆ ಹಾಲು ಕರುವಿಗೆ ಬಿಟ್ಟರೆ ಯಾರ ಬಾಯಿಗೂ ಇಲ್ಲ.

“ಈ ಮನ್ಯಾಗೆ ಕರು ಒಂದೇ ಪುಣ್ಯ ಮಾಡಿರೋದು,” ಎಂದು ಗಂಡ ಚಿಕ್ಕತಿಮ್ಮಪ್ಪ ಲೋಟ ಕುಕ್ಕಿದ.

ಮೆಸೇಜ್ ಕಳಿಸಿ ಹೊಸದುರ್ಗದ ಬಣ್ಣದಂಗಡಿಯಿಂದ ತರಿಸಿದ ಡಬ್ಬಿ ತೆರೆದರೆ ಒಳಗಿದ್ದದ್ದು ಹಳಸಿದ ಹುಳಿಯ ಬಣ್ಣ! ಇದನ್ನು ಅಮ್ಮನ ಬಾಗಿಲಿಗೆ ಬಳಿಯುವುದುಂಟೆ? ಚಂದ್ರಕ್ಕ ಡಬ್ಬಿ ಹಿಡಿದು ಬಸ್ಸು ಹತ್ತಿದಳು.

“ಏನವ್ವ ಮೇಘಶ್ರೀ, ಅಮ್ಮನ ಮೇಲೆ ಏನು ಸಿಟ್ಟು ನಿಂಗೆ?”

ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಮೇಘಶ್ರೀ ಗಾಬರಿಯಾದಳು. ಗಿರಾಕಿಗಳ ಮೆಸೇಜಿನಲ್ಲಿ ಬಣ್ಣದ ಹೆಸರು ಹುಡುಕಿ, ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು ಎಂದು ಅಂಕಿಗಿಳಿಸಿ, ಬಣ್ಣ ಬೆರೆಸುವ ಯಂತ್ರಕ್ಕೆ ಒಪ್ಪಿಸುವ ಕಂಪ್ಯೂಟರ್ ಸ್ಕ್ರಿಪ್ಟು ಅವಳೇ ಬರೆದದ್ದು. ಬಣ್ಣಕ್ಕೆ ಹಳ್ಳಿಯವರು ಹೇಳುವ ಹಣ್ಣು, ಕಾಯಿ, ದನಕರುಗಳ ಹೆಸರುಗಳನ್ನೆಲ್ಲ ಅದಕ್ಕೆ ಕಲಿಸಿ, ತಾನು ಮೆಸೇಜ್ ಓದುವುದನ್ನೇ ಬಿಟ್ಟಿದ್ದಳು. ಈಗ ಚಂದ್ರಕ್ಕನ ಮೆಸೇಜನ್ನು ಗಟ್ಟಿಯಾಗಿ ಓದಿದಳು:

“‘ಚೆನ್ನಾಗಿದೀಯೇನವ್ವ? ಎಮ್ಮೆ ಈದೈತೆ. ಕರುಗೆ ಅರಿಶಿನ ಕುಂಕುಮ ಇಟ್ಟೀವಿ. ಬದನೆಕಾಯಿ ಚೆನ್ನಾಗಿ ಬಿಟ್ಟೈತೆ. ನಿಮ್ಮಪ್ಪಂಗೆ ರಾಗಿಹಿಟ್ಟು ಕಳಿಸ್ತೀನಿ. ಅದಿರ್ಲಿ, ಗುಡಿ ಬಾಗ್ಲಿಗೆ ತೊಂಡೆಹಣ್ಣಿನ ಬಣ್ಣ ಕೊಡು.’ ಅಯ್ಯೋ ಚಂದ್ರಕ್ಕ! ಎಮ್ಮೆಯಿಂದ ರಾಗಿಹಿಟ್ಟಿನ ತನಕ ಎಲ್ಲಾನೂ ಬಣ್ಣ ಅಂದ್ಕಂಡು ಮಿಷಿನ್ನು ಸೇರಿಸಿ ಕಲಸಿಬಿಟ್ಟೈತೆ!”

“ಮತ್ತೆ? ಕ್ಷೇಮ ಕೇಳ್ದೆ ಬಣ್ಣ ಕೇಳಾಕೆ ನಾನೇನು ಕರೆಂಟ್ ಬಿಲ್ ಕೊಡಾಕೆ ಬಂದೋಳಾ?”

ಮೇಘಶ್ರೀ ನಗು ತಡೆಯಲಾರದೆ ಹಳೆಯ ಮೆಸೇಜುಗಳನ್ನೂ ತಿರುವಿದಳು. ಬಾಗೂರಿನವರದಾಗಲಿ, ಮದಕರಿಪುರದವರದಾಗಲಿ, ಎಲ್ಲರ ಕೆಲಸದ ಮಾತೂ ‘ಅದಿರ್ಲಿ’ ಆದ ಮೇಲೆಯೇ. ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದಳು: ‘ಅದಿರ್ಲಿ’ ಬರುವವರೆಗೆ ಸುಮ್ಮನಿರು.

ಯಂತ್ರ ಗುರುಗುಟ್ಟಿತು. ಮುಚ್ಚಳ ತೆಗೆದರೆ, ಬೇಲಿಯ ಮೇಲೆ ಗಿಳಿ ಕಚ್ಚಿ ಬಿಟ್ಟ ತೊಂಡೆಹಣ್ಣೇ.

“ಈಗ ನೋಡು, ಮಿಷಿನ್ನಿಗೂ ದೊಡ್ಡೋರ ಮಾತು ಮುಗಿಯಾಗಂಟ ಕಾಯೋ ಬುದ್ಧಿ ಬಂತು,” ಎಂದಳು ಚಂದ್ರಕ್ಕ.

ಸಂಜೆ ಮಿಂದು, ಮಡಿಯುಟ್ಟು, ತಾನೇ ಬ್ರಶ್ಶು ಹಿಡಿದು ಬಾಗಿಲಿಗೆ ಬಳಿದಳು. ಒಳಗಿನ ದೀಪದ ಬೆಳಕಿಗೆ ಹಸಿ ಬಣ್ಣ ಉಸಿರಾಡುವಂತಿತ್ತು. ಹೊಸ್ತಿಲ ಮುಂದೆ ಮಂಡಿಯೂರಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು:

“ತಗಾ ತಾಯಿ, ನಿಂದು ನಿಂಗೆ ಒಪ್ಪಿಸ್ದೆ.”