ಪಟದ ನೀರಿನಲ್ಲಿದ್ದವನು

ನದೀಕಾಳಗದ ಪಟದಲ್ಲಿ ತನ್ನ ಗಂಡ ಇದ್ದಾನೆಂದು ಫೆಲಿಸ್ಮಿನಾ ಬೀದಿಗೆಲ್ಲ ಡಂಗುರ ಸಾರಿದ್ದಳು. ಸುಳ್ಳೇನಲ್ಲ. ಹದಿನೆಂಟು ವರ್ಷದ ಹಿಂದೆ ರಿಯಾಶುವೆಲೊದ ಆ ಕಾಳಗದಲ್ಲಿ ಪರಗ್ವೆಯವರೊಡನೆ ಕಾದಾಡಿದ ನಾವಿಕ ಝೆಫೆರಿನೊ. ಹೋದ ವರ್ಷ ಚಿತ್ರಕಾರನೊಬ್ಬ ಅವನನ್ನು ಎರಡು ವಾರ ಎದುರಿಗೆ ನಿಲ್ಲಿಸಿಕೊಂಡು ಬರೆದಿದ್ದ. ಆ ಸುದ್ದಿ ಎತ್ತಿದರೆ ಮಾತ್ರ ಪುಣ್ಯಾತ್ಮ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ.

ಭಾನುವಾರ, ರಿಯೋದ ಪ್ರದರ್ಶನಶಾಲೆಯಲ್ಲಿ ಗಂಡನ ಜೊತೆ ಗೋಡೆಯಗಲದ ಪಟದ ಮುಂದೆ ನಿಂತು, ಹಡಗಿನ ಮೇಲಟ್ಟದಲ್ಲಿದ್ದ ಮುಖಗಳನ್ನೆಲ್ಲ ಅವಳು ಜಾಲಾಡಿದಳು. ಕ್ಯಾಪ್ಟನ್, ಬಾವುಟ, ಟೋಪಿ ಬೀಸುವವರು. ಗಂಡನ ಮುಖವಿಲ್ಲ. ಜೊತೆಗೆ ಬಂದಿದ್ದ ಹಳೇ ನಾವಿಕ ಕ್ವಿರಿನೊ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮೇಲೇನ್ ನೋಡ್ತೀರಾ ಅತ್ತಿಗೆ, ಕೆಳಗೆ ನೋಡಿ! ನಮ್ಮ ಶೂರ, ವೈರಿಗಳ ಜೊತೆ ನೀರು ಕುಡೀತಾ ಇದ್ದಾನೆ!"

ಹೌದು. ಒಡೆದ ದೋಣಿಯ ಪಕ್ಕ ಕೈ ಎತ್ತಿ ಮುಳುಗುತ್ತಿದ್ದ ಪರಗ್ವೆಯವನಿಗೆ ಝೆಫೆರಿನೊನ ಮುಖ. ಫೆಲಿಸ್ಮಿನಾಳಿಗೆ ಮೈಯೆಲ್ಲ ಉರಿಯಿತು.

"ರೀ, ಇದೇನಾ ನಿಮ್ಮ ಶೌರ್ಯ? ಬೀದೀಲಿ ನಾನು ಹೇಗೆ ತಲೆ ಎತ್ಕೊಂಡು ಓಡಾಡ್ಲಿ?"

ಝೆಫೆರಿನೊ ಪಟದಿಂದ ಕಣ್ಣು ಕೀಳಲಿಲ್ಲ. "ಆ ಬೆಳಗ್ಗೆ ಎಂಥಾ ಚಳಿ ಕಣೆ! ಒಣ ಬಿಸ್ಕತ್ತನ್ನ ಕಾಫೀಲಿ ಅದ್ಕೊಂಡು ತಿಂತಿದ್ವಿ. ಈ ಕ್ವಿರಿನೊ ಹಾಡ್ತಿದ್ದ. ಆಗ ಎಂಥಾ ಕಂಠ ಇತ್ತು ಇವನಿಗೆ! ನಮಗೆ ಇಪ್ಪತ್ತು ತುಂಬಿತ್ತೋ ಇಲ್ವೋ. ಸಂಜೆ ಹೊತ್ತಿಗೆ ನೀರಲ್ಲಿ ಒಬ್ಬ ಕಂಡ. ನಮ್ಮಷ್ಟೇ ವಯಸ್ಸು. ಹುಟ್ಟು ಚಾಚಿ, ಹಿಡ್ಕೊಳ್ಳೋ ಅಂದೆ. ಬೈದು ಮುಖ ತಿರುಗಿಸ್ಬಿಟ್ಟ. ಆಮೇಲೆ ಕೈ ಮಾತ್ರ ಕಾಣ್ತಿತ್ತು. ಹೋದ್ವರ್ಷ ಚಿತ್ರಕಾರ, ಮುಳುಗೋನು ಹೇಗಿರ್ತಾನೆ, ತೋರ್ಸು ಅಂದ. ನನಗೆ ಗೊತ್ತಿದ್ದೋನು ಅವನೊಬ್ನೇ."

ಕ್ವಿರಿನೊನ ನಗು ನಿಂತಿತು. ಫೆಲಿಸ್ಮಿನಾಳ ಸಿಟ್ಟು ಎಲ್ಲಿ ಇಳಿದುಹೋಯಿತೋ. ಪಾಪ, ಯಾವ ತಾಯಿ ಹೆತ್ತ ಮಗನೋ! ಅವನ ಆತ್ಮಶಾಂತಿಗೆ ಇಗರ್ಜಿಯಲ್ಲಿ ಒಂದು ಬಲಿಪೂಜೆಯನ್ನಾದರೂ ಯಾರಾದರೂ ಮಾಡಿಸಿದರೋ ಇಲ್ಲವೋ. ಮಾರನೆಯ ದಿನ ಸೋಮವಾರ, ಹೆಸರು ಓದಿ ಸತ್ತವರ ಆತ್ಮಗಳಿಗೆ ಪೂಜೆ ಮಾಡುವ ದಿನ. ಗಂಡನನ್ನು ನೇರ ಇಗರ್ಜಿಗೆ ಎಳೆದುಕೊಂಡು ಹೋದಳು.

"ತೀರಿಕೊಂಡವರ ಹೆಸರು?" ಪರಿಚಾರಕ ಲೇಖನಿ ಅದ್ದಿದ. ಹೆಸರು ಗೊತ್ತಿಲ್ಲ ಎಂದಳು ಫೆಲಿಸ್ಮಿನಾ. "ಹೆಸರಿಲ್ದೆ ಓದೋಕಾಗಲ್ಲಮ್ಮ."

"ಝೆಫೆರಿನೊ ಅಂತ ಬರ್ಕೊಳ್ಳಿ," ಎಂದ ಗಂಡ.

"ಬಿಡ್ತು ಅನ್ರಿ!" ಬದುಕಿರುವವನ ಹೆಸರನ್ನು ಸತ್ತವರ ಸಾಲಿನಲ್ಲಿ ಓದಿಸಿದರೆ ಸಾವನ್ನು ಕೈಹಿಡಿದು ಮನೆಗೆ ಕರೆದಂತೆ.

"ಮುಖಾನೇ ಕೊಟ್ಟಾಯ್ತಲ್ಲೆ, ಹೆಸರು ಕೊಡಬಾರ್ದಾ?"

ಅವಳು ಶಿಲುಬೆಯ ಗುರುತು ಹಾಕಿಕೊಂಡಳು. "ಬರ್ಕೊಳ್ಳಿ," ಎಂದಳು.

ಸೋಮವಾರ ಪಾದ್ರಿ ಆ ಹೆಸರು ಓದಿದಾಗ ಝೆಫೆರಿನೊ ಬಿಕ್ಕಿ ಬಿಕ್ಕಿ ಅತ್ತ. ಫೆಲಿಸ್ಮಿನಾ ಮಾತ್ರ ಪೂಜೆ ಮುಗಿಯುವವರೆಗೂ ಅವನ ಮಣಿಕಟ್ಟು ಹಿಡಿದುಕೊಂಡು, ನಾಡಿ ಹೊಡೆಯುತ್ತಿದೆಯೋ ಇಲ್ಲವೋ ಎಂದು ನೋಡುತ್ತಲೇ ಇದ್ದಳು.