ನಾಲ್ಕೂ ಬದಿಗೆ ಒದ್ದೆ ಗೋಣಿ

ವರ್ತಕ ನಗರದ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಉಮಾವತಿ ಅತ್ತೆ ಐದು ಊರಕೋಳಿ ಸಾಕಿದ್ದರು. ನಾನು ಹುಂಜದಂತೆ ಕೂಗಿದರೆ ಐದೂ ಉತ್ತರ ಕೊಡುತ್ತಿದ್ದವು.

ಮೇ ತಿಂಗಳ ಉರಿಯಲ್ಲಿ ಅವು ಬಾಯಿ ತೆರೆದು ಏದುಸಿರು ಬಿಡತೊಡಗಿದಾಗ, ಅತ್ತೆ ಕುಚ್ಚಲಕ್ಕಿಯ ಗೋಣಿಗಳನ್ನು ನೆನೆಸಿ ಗೂಡಿನ ನಾಲ್ಕೂ ಬದಿಗೆ ಬಿಗಿಯಾಗಿ ಕಟ್ಟಿದರು.

"ಅತ್ತೆ, ಒಂದು ಸೈಡ್ ಬಿಡಿ, ಗಾಳಿ ಹೋಗ್ಲಿ," ಎಂದೆ.

"ನೀನು ಕೂಗ್ಲಿಕ್ಕೆ ಮಾತ್ರ ಕಲ್ತದ್ದು ಮಾರಾಯ, ಸಾಕ್ಲಿಕ್ಕೆ ಅಲ್ಲ."

ನಕ್ಕು ಕೆಳಗಿಳಿದು ಹೋದೆ.

ಸಂಜೆ ಗೋಣಿ ಬಿಚ್ಚಿದಾಗ ಅನ್ನ ಬಸಿಯುವಾಗಿನಂಥ ಹಬೆ ಮುಖಕ್ಕೆ ಹೊಡೆಯಿತು. ಐದೂ ಕೋಳಿಗಳು ರೆಕ್ಕೆ ಹರಡಿ ಅಲುಗಾಡದೆ ಬಿದ್ದಿದ್ದವು.

"ಮಲಗಿದ್ದಾವೆ. ಒಮ್ಮೆ ಕೂಗು ಮಗಾ," ಅಂದರು ಅತ್ತೆ.

ಕೂಗಿದೆ.

"ಇನ್ನೂ ಜೋರಾಗಿ."

ಕೂಗಿದೆ. ಎದುರಿನ ಬಿಲ್ಡಿಂಗಿನಿಂದ ಯಾರೋ ಅಣಕಿಸಿ ಕೊಕ್ಕೊಕ್ಕೋ ಎಂದರು. ಅತ್ತೆ ಗಡಬಡಿಸಿ ಗೂಡಿನೊಳಗೆ ಬಗ್ಗಿ ನೋಡಿದರು.