ತೆಳ್ಳನೆಯ ಗೀರು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಸ್ಕೇಲಕ್ಕ ಎಂದೇ ಕರೆಯುತ್ತಿದ್ದರು. ಸ್ಕೇಲು ಇಲ್ಲದೆ ನೆಟ್ಟಗೆ ಗೆರೆ ಎಳೆಯುವುದರಲ್ಲಿ ಅವಳದು ಎತ್ತಿದ ಕೈ. ಅವಳ ಕೆಲಸವೂ ಅದೇ. ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಕುಳಿಗಳಲ್ಲಿ ಚರ್ಮದ ಜೀವಕೋಶಗಳನ್ನು ಬೆಳೆಸಬೇಕು, ಅವು ಚಾಪೆ ಹಾಸಿದಂತೆ ಹರಡಿಕೊಂಡ ಮೇಲೆ ಚೂಪು ಮೂತಿಯ ಕೊಳವೆಯಿಂದ ನಡುವೆ ಒಂದು ಗೀರು ಎಳೆಯಬೇಕು. ಅದೇ ಗಾಯ. ಅರ್ಧ ಕುಳಿಗಳಿಗೆ ಬೇಲಿಗಿಡವೊಂದರ ಎಲೆಯಿಂದ ತೆಗೆದ ಹಳದಿ ಪುಡಿಯ ದ್ರಾವಣ, ಉಳಿದರ್ಧಕ್ಕೆ ಪುಡಿಯಿಲ್ಲದ ದ್ರವ. ಯಾವ ಕುಳಿಯ ಕೋಶಗಳು ಬೇಗ ಸರಿದು ಬಂದು ಗೀರನ್ನು ಮುಚ್ಚುತ್ತವೆ ಎಂದು ಆಮೇಲೆ ನೋಡುತ್ತ ಕೂರುವುದು. "ಊರವರು ಕೋಳಿ ಸಾಕ್ತಾರೆ, ನನ್ನ ಮಗಳು ಗಾಯ ಸಾಕ್ತಾಳೆ" ಎಂದು ಅಮ್ಮ ನೆಂಟರನ್ನು ನಗಿಸುತ್ತಿದ್ದಳು.

ಹಳದಿ ಪುಡಿ ಪ್ರತಿ ಸಲವೂ ಗೆಲ್ಲುತ್ತಿತ್ತು. ಅಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತರೆ ಮನೆಯವರಿಗೆಲ್ಲ ಅದೇ ಪುರಾಣ. ಅಪ್ಪ ಅರ್ಧಕ್ಕೇ ಎದ್ದು ಹೋಗುತ್ತಿದ್ದ. ಬೇಕರಿಯಲ್ಲಿ ಕೆಲಸ ಮಾಡುವ ತಮ್ಮ ಮಾತ್ರ ಹೂಂಗುಟ್ಟುತ್ತ ಕೊನೆಯವರೆಗೂ ಕೇಳುತ್ತಿದ್ದ. ಕೇಳಿದ್ದನ್ನೆಲ್ಲ ನಂಬುತ್ತಲೂ ಇದ್ದ.

ಆ ತಮ್ಮನ ಬಲಗೈ ಮೇಲೆ ಒಂದು ದಿನ ಕುದಿಯುವ ಸಕ್ಕರೆ ಪಾಕ ಚೆಲ್ಲಿತು. ಪಾಕ ನೀರಿನ ಹಾಗಲ್ಲ, ಅಂಟಿಕೊಂಡು ಸುಡುತ್ತದೆ. ವಾರಗಟ್ಟಲೆ ಪಟ್ಟಿ ಕಟ್ಟಿದರೂ ಗಾಯ ಕೂಡಲಿಲ್ಲ. ತೊಡೆಯ ಚರ್ಮ ತೆಗೆದು ಕೈಗೆ ಹಾಕಬೇಕು, ತಡಮಾಡಿದರೆ ಕಲೆ ಬಿಗಿದುಕೊಂಡು ಬೆರಳು ಮಡಚಲು ಬರುವುದಿಲ್ಲ ಎಂದು ಸರ್ಜನ್ ಹೇಳಿಬಿಟ್ಟರು. ಬೆರಳು ಮಡಚಲಾಗದವನು ಹಿಟ್ಟು ನಾದುವುದು ಹೇಗೆ? ಆದರೂ ಅವನು ಪಟ್ಟು ಹಿಡಿದು ಕೂತ. ಮೈ ಕೊಯ್ಯಿಸಿಕೊಳ್ಳುವುದು ಸುತರಾಂ ಸಾಧ್ಯವಿಲ್ಲ, ಅಕ್ಕನ ಎಲೆಯಿದೆಯಲ್ಲ, ಅದನ್ನೇ ಹಚ್ಚಲಿ ಎಂದ. ಅಮ್ಮ ಬೈದಳು, ಅತ್ತಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮನುಷ್ಯರ ಮೇಲೆ ಇನ್ನೂ ಹಚ್ಚಿ ನೋಡಿಲ್ಲ ಎಂದು ಅಕ್ಕ ಹೇಳಿದ್ದು ನಿಜ. ಹೇಳಿದ್ದು ಬಾಯಿಮಾತಿಗೆ. ತನ್ನ ಪುಡಿಯಿಂದಲೇ ತಮ್ಮನ ಕೈ ಉಳಿಯಲಿ ಎಂಬ ಆಸೆ ಅವಳಿಗೂ ಇತ್ತು, ಆ ಆಸೆಯಲ್ಲಿ ಹೆಸರಿನ ಚಪಲವೂ ಸೇರಿತ್ತು. ಸರ್ಜನ್‌ಗೆ ತೋರಿಸಿ ಒಂದು ಮಾತು ಕೇಳಿಯೇ ಬಿಡೋಣವೆಂದು ಕಂಪ್ಯೂಟರಿನ ಮುಂದೆ ಕುಳಿಗಳ ಚಿತ್ರಗಳನ್ನು ಜೋಡಿಸಲು ಕೂತಳು.

ಯಾವಾಗಲೂ ಅವಳು ನೋಡುತ್ತಿದ್ದುದು ಕೊನೆಯ ಚಿತ್ರಗಳನ್ನು, ಗೀರು ಮುಚ್ಚಿದವುಗಳನ್ನು. ಸರ್ಜನ್‌ಗೆ ಅರ್ಥವಾಗಲೆಂದು ಈ ಸಲ ಮೊದಲಿನವನ್ನೂ ಪಕ್ಕಪಕ್ಕದಲ್ಲಿಟ್ಟಳು, ಗೀರು ಎಳೆದ ಕೂಡಲೇ ತೆಗೆದವು. ಹಳದಿ ಪುಡಿ ಹಾಕಬೇಕಿದ್ದ ಕುಳಿಗಳಲ್ಲಿ ಗೀರು ಮೊದಲೇ ತೆಳ್ಳಗಿತ್ತು. ಕೂದಲೆಳೆಯಷ್ಟು ವ್ಯತ್ಯಾಸ, ಆದರೆ ತಟ್ಟೆ ತಟ್ಟೆಯಲ್ಲೂ ಅದೇ. ತೆಳ್ಳನೆಯ ಗೀರು ಔಷಧ ಇದ್ದರೂ ಬೇಗ ಮುಚ್ಚುತ್ತದೆ, ಇಲ್ಲದಿದ್ದರೂ ಬೇಗ ಮುಚ್ಚುತ್ತದೆ. ಯಾವ ಕುಳಿಗೆ ಪುಡಿ ಎಂದು ಮುಚ್ಚಳದ ಮೇಲೆ ಗುರುತು ಹಾಕಿ, ಆಮೇಲೆ ಗೀರುತ್ತಿದ್ದವಳು ಅವಳೇ. ಗುರುತು ಮುಚ್ಚಿಟ್ಟು ಕೆಲಸ ಮಾಡಬೇಕೆಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳೂ ಅವಳೇ. ತನ್ನಂಥ ಕೈಗೆ ಅದು ಬೇಕಿಲ್ಲ ಎಂದುಕೊಂಡಿದ್ದಳು.

ಎದುರು ಮೇಜಿನ ಗೆಳತಿಗೆ ಹೇಳಿ ಗುರುತು ಮುಚ್ಚಿಸಿದಳು. ಯಾವ ಕುಳಿ ಯಾವುದೆಂದು ತಿಳಿಯದೆ ಮತ್ತೆ ಗೀರಿದಳು. ಈ ಸಲ ಪುಡಿ ಬಿದ್ದವೂ ಬೀಳದವೂ ಹೆಚ್ಚುಕಡಿಮೆ ಒಟ್ಟಿಗೇ ಮುಚ್ಚಿಕೊಂಡವು. ಅಕ್ಕನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಮೇಲಧಿಕಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಸೀದಾ ಮನೆಗೆ ಹೊರಟಳು.

ತಮ್ಮ ಪಟ್ಟಿ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದ. ಮುಲಾಮು ತಂದೆಯಾ ಎಂದು ಕೇಳಿದ. ಅಕ್ಕ ಅವನ ಎದುರು ಕುರ್ಚಿ ಎಳೆದುಕೊಂಡು, ಕುಳಿ, ಗುರುತು, ಗೀರು ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಈ ಸಲ ಹೂಂಗುಟ್ಟಲಿಲ್ಲ.

"ಬೇಕಂತಲೇ ಮಾಡಿದ್ದಾ?" ಎಂದ.

"ಇಲ್ಲ. ಯಾವುದು ಗೆಲ್ಲಬೇಕು ಅಂತ ಕೈಗೆ ಗೊತ್ತಿತ್ತು, ಅಷ್ಟೇ."

"ಮೊದಲಿಂದನೂ ಹಾಗೇನಾ?"

ಆ ಪ್ರಶ್ನೆಗೆ ಸುಳ್ಳು ಹೇಳಬಹುದಿತ್ತು. "ಮೊದಲಿಂದನೂ" ಎಂದಳು. "ನಿನ್ನ ಕೈ ಸುಟ್ಟ ಮೇಲೆ ಗೀರು ಇನ್ನೂ ತೆಳ್ಳಗಾಗಿದೆ."

ತಮ್ಮ ತಲೆ ತಗ್ಗಿಸಿದ. ಪಟ್ಟಿಯಿಂದ ಹೊರಗೆ ಚಾಚಿದ್ದ ಬೆರಳುಗಳನ್ನು ಮಡಚಲು ನೋಡಿದ. ಅವು ಅರ್ಧಕ್ಕೇ ನಿಂತವು.

"ಆ ಸರ್ಜನ್‌ಗೆ ನಾನು ಸಂಬಂಧದಲ್ಲಿ ಏನಾಗಬೇಕು?" ಎಂದು ಕೇಳಿದ.

"ಏನೂ ಆಗಬೇಕಿಲ್ಲ."

"ಹಾಗಾದ್ರೆ ಅವರೇ ಕೊಯ್ಯಲಿ. ಫೋನ್ ಮಾಡು."